ಗುಡಿಸುವುದು ಬಿಟ್ಟ ಮೇಲೆ ಪಾರ್ಕಿನ ಕಾಡು ಹೇಗಾಯಿತು

ಪಾರ್ಕಿನೊಳಗಿನ ಕಾಡಿನ ಭಾಗ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ನನ್ನ ಪಟ್ಟಿಯಲ್ಲಿ ಇದ್ದಿದ್ದೆಲ್ಲಾ ನೆಡುವ ಕೆಲಸವೇ. ಎಷ್ಟು ಸಸಿ, ಯಾವ ಜಾತಿ, ಎಲ್ಲಿ ಗುಂಡಿ ತೋಡಬೇಕು. ಆದರೆ ನೆಟ್ಟಿದ್ದಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ನಾವು ಮಾಡುವುದನ್ನು ನಿಲ್ಲಿಸಿದ ಕೆಲಸಗಳು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ದೊಡ್ಡ ಮರ ನೆತ್ತಿಯಿಂದ ಒಣಗುತ್ತಾ ಬರುತ್ತಿತ್ತು. ರೋಗ ಇರಬೇಕು ಅಂದುಕೊಂಡೆವು. ಎಲೆಯಲ್ಲಿ ಚುಕ್ಕೆ ಇಲ್ಲ, ತೊಗಟೆಯಲ್ಲಿ ಹುಳದ ತೂತಿಲ್ಲ. ಬುಡದ ಹತ್ತಿರ ಗುದ್ದಲಿ ಹಾಕಿದರೆ ಕಲ್ಲಿಗೆ ಬಡಿದ ಹಾಗೆ ಸದ್ದು. ಗೇಟಿನಿಂದ ಕೊಳದ ಕಡೆಗೆ ಜನ ಅಡ್ಡ ಹಾಯುವ ಕಾಲುದಾರಿ ಸರಿಯಾಗಿ ಅದರ ಬೇರಿನ ಮೇಲೇ ಹೋಗುತ್ತಿತ್ತು. ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳು ಚಾಚಿದ ಅಂಚನ್ನೂ ದಾಟಿ ಹರಡಿರುತ್ತವೆ. ದಿನಾ ತುಳಿದರೆ ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ, ಮಳೆ ಬಂದರೂ ನೀರು ಇಳಿಯದೆ ಮೇಲೇ ಹರಿದುಹೋಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಬೇರೂ ಉಸಿರಾಡಬೇಕು ಅಲ್ವಾ?

ಮೊದಲು ಬೇಲಿ ಹಾಕಿದೆವು. ಜನ ದಾಟಿಕೊಂಡು ಹೋದರು. ಆಮೇಲೆ ಒಂದು ವಾರ ಸುಮ್ನೆ ಕೂತು ಯಾರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ಅಂತ ನೋಡಿದೆ. ಅವರಿಗೆ ಬೇಕಿದ್ದು ಬೇಗ ಕೊಳ ತಲುಪುವುದು, ಅಷ್ಟೇ. ಮರದಿಂದ ದೂರಕ್ಕೆ ಸ್ವಲ್ಪ ಬಾಗಿದ ಹೊಸ ದಾರಿ ಮಾಡಿ, ಅದರ ಮೇಲೆ ಮರದ ಚೂರು ಹರಡಿ, ಹಳೇ ದಾರಿಯ ಬಾಯಿಗೆ ಬಿದ್ದಿದ್ದ ಒಂದು ದಿಮ್ಮಿಯನ್ನು ಅಡ್ಡ ಹಾಕಿದೆವು. ಬೇಲಿ ತೆಗೆದೆವು. ಯಾರೂ ಈ ಕಡೆ ಬರಲಿಲ್ಲ.

ಗಟ್ಟಿಯಾದ ಮಣ್ಣನ್ನು ಅಗೆಯಲಿಲ್ಲ, ಅಗೆದರೆ ಉಳಿದ ಬೇರೂ ತುಂಡಾಗುತ್ತದೆ. ಹಾರೆಯಿಂದ ಅಲ್ಲಲ್ಲಿ ತೂತು ಮಾಡಿ ಕಾಂಪೋಸ್ಟ್ ತುಂಬಿ, ಮೇಲೆ ಮೂರು ನಾಲ್ಕು ಇಂಚು ಮರದ ಚೂರು ಮತ್ತು ತರಗೆಲೆಯ ಹೊದಿಕೆ ಕೊಟ್ಟೆವು. ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಇದು ಮುಖ್ಯ, ಯಾಕೆಂದರೆ ಬುಡದ ತೊಗಟೆ ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ. ಒಣಗಿದ ನೆತ್ತಿ ಮತ್ತೆ ಚಿಗುರಲಿಲ್ಲ. ಆದರೆ ಎರಡನೇ ಮಳೆಗಾಲದ ಹೊತ್ತಿಗೆ ಕೆಳಗಿನ ಕೊಂಬೆಗಳಲ್ಲಿ ಎಲೆ ದಟ್ಟವಾಯಿತು. ಆ ದಿನ ನಾನು ಮರದ ಕೆಳಗೆ ತುಂಬಾ ಹೊತ್ತು ನಿಂತಿದ್ದೆ.

ತರಗೆಲೆಯ ವಿಷಯ ಇದಕ್ಕಿಂತ ಕಷ್ಟವಾಯಿತು. ಎಷ್ಟೋ ವರ್ಷದಿಂದ ದಿನಾ ಗುಡಿಸಿ, ಎಲೆಯನ್ನೆಲ್ಲಾ ಗಾಡಿಗೆ ತುಂಬಿ ಕಳಿಸುತ್ತಿದ್ದರು. ಮರ ತಾನೇ ಮಾಡಿಕೊಂಡ ಗೊಬ್ಬರವನ್ನು ಹೊರಗೆ ಸಾಗಿಸಿ, ಆಮೇಲೆ ಚೀಲದಲ್ಲಿ ಗೊಬ್ಬರ ತರಿಸುವುದು! ಗುಡಿಸುವುದು ನಿಲ್ಲಿಸಿದ ಕೂಡಲೇ ದೂರು ಶುರುವಾಯಿತು. ಪಾರ್ಕ್ ಹಾಳುಬಿದ್ದಿದೆ, ಹಾವು ಬರುತ್ತದೆ, ಬೆಂಕಿ ಹತ್ತುತ್ತದೆ ಅಂತ. ಅವರ ಭಯ ಸುಳ್ಳಲ್ಲ. ಆಗ ನೆನಪಾಗಿದ್ದು ಅಮೆರಿಕದ ಲ್ಯಾಂಡ್‌ಸ್ಕೇಪ್ ತಜ್ಞೆ ಜೋನ್ ನಸ್ಸೌವರ್ 1995ರಲ್ಲಿ ಬರೆದ ಒಂದು ವಿಚಾರ. ಕಾಡು ಗಜಿಬಿಜಿಯಾಗಿ ಕಂಡರೂ ಅದರ ಅಂಚು ಓರಣವಾಗಿದ್ದರೆ, ಇದನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಜನಕ್ಕೆ ತಿಳಿಯುತ್ತದೆ. ದಾರಿಯ ಎರಡೂ ಬದಿ ಮೂರು ಮೂರು ಅಡಿ ಮಾತ್ರ ಚೊಕ್ಕಟ ಗುಡಿಸಿ, ಆ ಎಲೆಯನ್ನು ಮರಗಳ ಕೆಳಗೇ ಹಾಕಲು ಶುರುಮಾಡಿದೆವು. ನಡೆಯುವವರಿಗೆ ಕಾಲಿಡುವ ಜಾಗ ಕಾಣುತ್ತದೆ, ಬೆಂಕಿ ದಾರಿಯಿಂದ ಒಳಗೆ ಹರಡುವುದೂ ಕಷ್ಟ. ದೂರು ಪೂರ್ತಿ ನಿಲ್ಲಲಿಲ್ಲ, ಕಮ್ಮಿಯಾಯಿತು.

ಎರೆಹುಳು ಬಂದವು. ಹಕ್ಕಿ ಹಾಕಿದ ಬೀಜಗಳು ತಾವೇ ಮೊಳೆತವು. ಜೊತೆಗೆ ಲಂಟಾನ ಅನ್ನುವ ಹೊರಗಿನಿಂದ ಬಂದ ಪೊದೆ ಕಳೆಯೂ ಬಂತು. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದು ಮೂಲೆಯ ಲಂಟಾನವನ್ನೆಲ್ಲಾ ಒಂದೇ ಸಲಕ್ಕೆ ಕಡಿಸಿದೆ. ಒಮ್ಮೆಲೇ ಬಿಸಿಲು ಬಿದ್ದ ಬರಿ ನೆಲದಲ್ಲಿ ಮೊದಲಿಗಿಂತ ದಟ್ಟವಾಗಿ ಕಳೆ ಎದ್ದಿತು, ಕಡಿದ ಬುಡಗಳೂ ಚಿಗುರಿದವು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಡಿನ ಕಳೆ ತೆಗೆಯುತ್ತಿದ್ದ ಬ್ರಾಡ್ಲಿ ಅಕ್ಕತಂಗಿಯರು 1960ರ ದಶಕದಲ್ಲೇ ಇದಕ್ಕೆ ದಾರಿ ತೋರಿಸಿದ್ದರು: ಕಳೆ ಜಾಸ್ತಿ ಇರುವ ಕಡೆಯಿಂದಲ್ಲ, ಕಾಡು ಚೆನ್ನಾಗಿರುವ ಕಡೆಯಿಂದ ಶುರುಮಾಡಿ, ಮಣ್ಣನ್ನು ಆದಷ್ಟು ಕೆದಕದೆ, ಸ್ಥಳೀಯ ಗಿಡಗಳು ಎಷ್ಟು ಬೇಗ ಜಾಗ ತುಂಬುತ್ತವೋ ಅಷ್ಟೇ ವೇಗದಲ್ಲಿ ಮುಂದೆ ಹೋಗಿ. ಈಗ ನಾವೂ ಸ್ವಲ್ಪ ಸ್ವಲ್ಪವೇ ತೆಗೆಯುತ್ತೇವೆ. ನೆಲಮಟ್ಟದಿಂದ ಕೆಲವು ಇಂಚು ಕೆಳಗೆ ಬೇರನ್ನೇ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಇಡುತ್ತೇವೆ.

ಕೊಂಬೆ ಸವರುವಾಗ ಕಾಂಡಕ್ಕೆ ಸಮವಾಗಿ ಕತ್ತರಿಸುವುದು, ಗಾಯಕ್ಕೆ ಬಣ್ಣ ಬಳಿಯುವುದು ಎರಡನ್ನೂ ಬಿಟ್ಟೆವು. ಸಾವಿರಾರು ಮರಗಳನ್ನು ಸೀಳಿ ನೋಡಿದ ಅಮೆರಿಕದ ಮರತಜ್ಞ ಅಲೆಕ್ಸ್ ಶಿಗೋ ತೋರಿಸಿಕೊಟ್ಟ ಹಾಗೆ, ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಒಳಗೆ ಗೋಡೆ ಕಟ್ಟಿ ಮುಚ್ಚಿಕೊಳ್ಳುತ್ತದೆ. ಕೊಂಬೆಯ ಬುಡದ ಉಬ್ಬನ್ನು ಉಳಿಸಿ ಕತ್ತರಿಸಿದರೆ ಆ ಕೆಲಸ ಅದಕ್ಕೆ ಸುಲಭ. ಸತ್ತ ಮರ ದಾರಿಗೆ, ಬೆಂಚಿಗೆ ಬೀಳುವಂತಿದ್ದರೆ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಒಳಗಡೆ ಇದ್ದಿದ್ದನ್ನು ಮಾತ್ರ ಹತ್ತು ಹನ್ನೆರಡು ಅಡಿಗೆ ತಗ್ಗಿಸಿ ಹಾಗೇ ಬಿಟ್ಟೆವು. ಮರಕುಟಿಗ ಕೊರೆದ ಪೊಟರೆಯಲ್ಲಿ ಮರುವರ್ಷ ಮೈನಾ ಮರಿ ಮಾಡಿತ್ತು.

ನೆಡುವುದನ್ನು ಪೂರ್ತಿ ಬಿಟ್ಟಿಲ್ಲ. ಖಾಲಿ ಉಳಿದ ಜಾಗಕ್ಕೆ ಮಾತ್ರ, ಅದೂ ಒಂದೇ ಜಾತಿ ಜಾಸ್ತಿಯಾಗದ ಹಾಗೆ. ಈಗ ಹುಲ್ಲು ಕತ್ತರಿಸುವ ಹಿಂದಿನ ದಿನ ಇಬ್ಬರು ಬಗ್ಗಿ ನೋಡುತ್ತಾ ನಡೆಯುತ್ತೇವೆ, ತಾನೇ ಹುಟ್ಟಿದ ಒಂದೊಂದು ಸಸಿಯ ಪಕ್ಕ ಒಂದೊಂದು ಕಡ್ಡಿ ನೆಡುತ್ತೇವೆ. ಹೋದ ಸಲ ನಾವು ಕೊಯ್ದುಕೊಂಡು ಹೋಗಿದ್ದ ಕಡ್ಡಿ ಸಾಲಲಿಲ್ಲ.