ನೂರರಲ್ಲಿ ಇಪ್ಪತ್ತೆರಡನ್ನು ಹೊರಗಿಟ್ಟು ಕೊಂಡ ರೋಡ್ ಬೈಕ್: ನನ್ನ ಅನುಭವ

ನಿಗದಿತ ಹಣದಲ್ಲಿ ಮಧ್ಯಮ ಬೆಲೆಯ ರೋಡ್ ಬೈಕ್ (ಟಾರು ರಸ್ತೆಯ ಹಗುರ ಸೈಕಲ್) ಕೊಳ್ಳುವಾಗ ಇರುವ ಹಣವನ್ನೆಲ್ಲ ಬೈಕಿನ ಮೇಲೆಯೇ ಹಾಕಬೇಕು, ಉಳಿದದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂಬುದು ನಮ್ಮ ಸವಾರರ ಬಳಗದಲ್ಲಿ ಬಹುತೇಕ ಎಲ್ಲರ ಅಭಿಪ್ರಾಯವಾಗಿತ್ತು. ಒಟ್ಟು ಹಣದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಹಿಂದಿನ ವರ್ಷದ ಅಲ್ಯೂಮಿನಿಯಂ ಬೈಕೊಂದನ್ನು ಕೊಳ್ಳುತ್ತೇನೆಂದು ನಾನು ಹೇಳಿದಾಗ, ಒಂದೇ ವರ್ಷದಲ್ಲಿ ಅದನ್ನು ಮಾರಿ ಕಾರ್ಬನ್ ನಾರಿನ ಫ್ರೇಮಿಗೆ ಬರುತ್ತೀಯ ಎಂದು ಖಚಿತವಾಗಿ ನುಡಿದವರೇ ಹೆಚ್ಚು. ಬೈಕ್ ಈಗ ಹತ್ತು ಸಾವಿರ ಕಿಲೋಮೀಟರಿನ ಆಸುಪಾಸು ಓಡಿದೆ, ಮಾರುವ ಯೋಚನೆ ಒಮ್ಮೆಯೂ ಬಂದಿಲ್ಲ, ಆಗ ಆಕ್ಷೇಪಿಸಿದವರಲ್ಲಿ ಕೆಲವರು ತಮ್ಮ ಮುಂದಿನ ಬೈಕಿನ ಲೆಕ್ಕವನ್ನು ನನ್ನ ಕೈಯಲ್ಲೇ ಮಾಡಿಸಿಕೊಂಡಿದ್ದಾರೆ. ಆದ್ದರಿಂದ ಈ ಲೆಕ್ಕವನ್ನು ಬರೆದಿಡುತ್ತಿದ್ದೇನೆ.

ಒಟ್ಟು ಹಣವನ್ನು 100 ಎಂದಿಟ್ಟುಕೊಂಡು ಹೇಳುತ್ತೇನೆ. ಬೈಕಿಗೆ 78, ಹೊರಗೆ 22. ಈ 22ರಲ್ಲಿ ಪೆಡಲ್, ಕ್ಲೀಟ್ (ಶೂ ತಳವನ್ನು ಪೆಡಲಿಗೆ ಸಿಕ್ಕಿಸುವ ಕೊಂಡಿ), ಶೂಗಳಿಗೆ ಸುಮಾರು 9, ಟೈರ್ ಮತ್ತು ಟ್ಯೂಬುಗಳಿಗೆ 5, ಸ್ಟೆಮ್ (ಹ್ಯಾಂಡಲ್ ಬಾರನ್ನು ಹಿಡಿದಿರುವ ತುಂಡು) ಹಾಗೂ ಸ್ಯಾಡಲ್ (ಸೀಟು) ಬದಲಾವಣೆಗೆ 4, ಪಂಪು ಮತ್ತು ಸಲಕರಣೆಗಳಿಗೆ 2, ಉಳಿದ 2 ಮೀಸಲು. ಈ ಬೆಲೆಯ ಬೈಕುಗಳು ಸಾಮಾನ್ಯವಾಗಿ ಪೆಡಲ್ ಇಲ್ಲದೆಯೇ ಬರುತ್ತವೆ ಎಂಬುದು ಗೊತ್ತಿದ್ದೂ ಅದನ್ನು ಲೆಕ್ಕದಲ್ಲಿ ಸೇರಿಸದವರು ಬಹಳ ಮಂದಿ ಇದ್ದಾರೆ. ಹಣವೆಲ್ಲ ಫ್ರೇಮಿಗೆ ಹೋದ ಮೇಲೆ ಅವರು ಹಳೆಯ ಚಪ್ಪಟೆ ಪೆಡಲ್ ಹಾಕಿಕೊಂಡು, ಹೊಂದದ ಸ್ಯಾಡಲ್ ಮೇಲೆ ಕುಳಿತು ಇಡೀ ಋತುವನ್ನು ಕಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಹಂಚಿಕೆಗೆ ಬರುವ ಮೊದಲು ಬೇರೆ ಮೂರು ದಾರಿಗಳನ್ನು ಹಿಡಿದು ನೋಡಿದೆ, ಮೂರೂ ಕೈಕೊಟ್ಟವು. ಮೊದಲನೆಯದು ಅಂಕಪಟ್ಟಿ: ತೂಕ, ಗ್ರೂಪ್‌ಸೆಟ್ (ಗೇರು, ಬ್ರೇಕ್ ಭಾಗಗಳ ಸೆಟ್), ಚಕ್ರ, ಬ್ರೇಕ್ ಎಲ್ಲಕ್ಕೂ ಅಂಕ ಕೊಟ್ಟು ಬೆಲೆಯಿಂದ ಭಾಗಿಸುವುದು. ಯಾವುದೋ ಒಂದು ಬೈಕಿಗೆ ಸಣ್ಣ ರಿಯಾಯಿತಿ ಬಂದರೂ ಪಟ್ಟಿಯ ತಲೆ ಬುಡವಾಗುತ್ತಿತ್ತು, ಮೇಲಾಗಿ ನನ್ನ ಮೈಗೆ ಯಾವುದು ಹೊಂದುತ್ತದೆ ಎಂಬುದನ್ನು ಆ ಪಟ್ಟಿ ಹೇಳುತ್ತಲೇ ಇರಲಿಲ್ಲ. ಎರಡನೆಯದು ಫ್ರೇಮ್ ಬೇರೆ, ಬಿಡಿಭಾಗಗಳು ಬೇರೆ ಕೊಂಡು ಜೋಡಿಸುವುದು. ಜೋಡಣೆಯ ಕೆಲಸ ನನಗೆ ಬರುತ್ತದೆ, ಸಲಕರಣೆಗಳೂ ಇದ್ದವು. ಆದರೆ ತಯಾರಕರು ಸಗಟಾಗಿ ತರಿಸುವ ಗ್ರೂಪ್‌ಸೆಟ್ಟನ್ನು ನಾವು ಬಿಡಿಯಾಗಿ ಕೊಂಡಾಗ ಅದೊಂದೇ ಲೆಕ್ಕವನ್ನು ಹಾರಿಸಿಬಿಡುತ್ತದೆ. ಕೇಬಲ್, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಬಾರ್ ಟೇಪಿನಂತಹ ಚಿಲ್ಲರೆಯೂ ಸೇರಿ ನನ್ನ ಮೊತ್ತ 130ರ ಹತ್ತಿರ ಹೋಗಿತ್ತು. ಮೂರನೆಯದು ಬಳಸಿದ ಕಾರ್ಬನ್ ಬೈಕ್. ಕೇಳಿದ ಬೆಲೆ ಬಹಳ ಚೆನ್ನಾಗಿತ್ತು. ಆದರೆ ಅದರ ಸೀಟ್‌ಪೋಸ್ಟ್ (ಸೀಟಿನ ಕಂಬ) ಆ ಫ್ರೇಮಿಗಷ್ಟೇ ಹೊಂದುವ ವಿಶೇಷ ಆಕಾರದ್ದು, ಅದು ಒಳಗೆ ಕಚ್ಚಿಕೊಂಡು ಕದಲುತ್ತಿರಲಿಲ್ಲ, ಬದಲಿ ಸಿಗುತ್ತಿರಲಿಲ್ಲ; ಹಿಂದಿನ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ ಕೂರುವ ಫ್ರೀಹಬ್ ಹಳೆಯ 10 ಸ್ಪೀಡಿನ (ಹತ್ತು ಹಲ್ಲುಚಕ್ರಗಳ) ಉದ್ದದ್ದು, ಅಂದರೆ 11 ಸ್ಪೀಡಿನ ರೋಡ್ ಕ್ಯಾಸೆಟ್‌ಗೆ ಬೇಕಾದ ಹೆಚ್ಚುವರಿ 1.85 ಮಿ.ಮೀ. ಅದರಲ್ಲಿ ಇರಲಿಲ್ಲ. ಫ್ರೇಮಿನ ಬಿರುಕುಗಳನ್ನು ತಜ್ಞರಿಂದ ನೋಡಿಸಲು ಕೊಟ್ಟ ಹಣ 100ರಲ್ಲಿ ಹೆಚ್ಚುಕಡಿಮೆ ಒಂದೂವರೆ ಪಾಲು, ಅದು ಹೋಯಿತು. ಆ ಹಣ ಬೇರೆಡೆ ಹತ್ತು ಪಾಲನ್ನು ಉಳಿಸಿತೆಂದೇ ನಾನು ಲೆಕ್ಕ ಹಾಕುತ್ತೇನೆ.

ಕೊನೆಗೆ ನಿಂತ ಸೂತ್ರ ಇದು: ಆಮೇಲೆ ಬದಲಾಯಿಸಲು ಆಗದ್ದನ್ನು ಮೊದಲು ನೋಡಬೇಕು, ಸವೆದು ಹೇಗೂ ಬದಲಾಗುವುದಕ್ಕೆ ಈಗ ಹೆಚ್ಚು ಹಣ ಕೊಡಬಾರದು.

ಬದಲಾಯಿಸಲಾಗದ್ದರಲ್ಲಿ ಮೊದಲನೆಯದು ಫ್ರೇಮಿನ ಸ್ಟ್ಯಾಕ್ (ಬಾಟಮ್ ಬ್ರಾಕೆಟ್ಟಿನಿಂದ, ಅಂದರೆ ಪೆಡಲುಗಳ ಅಚ್ಚು ತಿರುಗುವ ಜಾಗದಿಂದ, ಫ್ರೇಮಿನ ಮುಂದಿನ ಕೊಳವೆಯ ತುದಿಯವರೆಗಿನ ಎತ್ತರ) ಮತ್ತು ರೀಚ್ (ಅದೇ ಎರಡರ ನಡುವಿನ ಮುಂಚಾಚು). ಸೈಜಿನ ಅಂಕಿಯನ್ನು ನಂಬಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: 54 ಎಂದು ಬರೆದಿರುವ ಬೈಕುಗಳನ್ನೇ ಸಾಲಾಗಿ ಇಟ್ಟು ನೋಡಿದಾಗ ರೇಸ್ ಮಾದರಿಯವುಗಳ ಸ್ಟ್ಯಾಕ್ 540ರ ಆಸುಪಾಸಿನಲ್ಲೂ, ದೂರದ ಸವಾರಿಯ ಮಾದರಿಗಳದ್ದು 575ರ ಆಸುಪಾಸಿನಲ್ಲೂ ಇತ್ತು. ಈ 35 ಮಿ.ಮೀ.ಯನ್ನು ಸ್ಟೆಮ್ಮಿನ ಕೆಳಗಿಡುವ ಸ್ಪೇಸರ್ ಬಳೆಗಳಿಂದ ತುಂಬಲು ಹೋದರೆ ಬಾರ್ ಹಿಂದಕ್ಕೂ ಸರಿಯುತ್ತದೆ. 73 ಡಿಗ್ರಿಯ ಹೆಡ್ ಟ್ಯೂಬ್ (ಆ ಮುಂದಿನ ಕೊಳವೆ) ಇದ್ದಾಗ ಪ್ರತಿ 10 ಮಿ.ಮೀ. ಸ್ಪೇಸರ್‌ಗೆ ಸುಮಾರು 3 ಮಿ.ಮೀ. ರೀಚ್ ಕಡಿಮೆಯಾಗುತ್ತದೆ. ಆದ್ದರಿಂದ ನಾನು ಕ್ಯಾಟಲಾಗ್ ತೆರೆಯುವ ಮೊದಲು ಗೆಳೆಯರ ಬೈಕುಗಳನ್ನು ಬೇಡಿ ತಂದು, ದೀರ್ಘ ಸವಾರಿಯ ಕೊನೆಯಲ್ಲೂ ಕುತ್ತಿಗೆ ಮತ್ತು ಅಂಗೈ ನೋಯದ ಬೈಕುಗಳನ್ನಷ್ಟೇ ಆರಿಸಿ, ಅವನ್ನು ಸಮತಟ್ಟಾದ ನೆಲದಲ್ಲಿ ಗೋಡೆಗೆ ಒರಗಿಸಿ, ತೂಗುಗುಂಡು ಇಳಿಬಿಟ್ಟು ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಬಾರಿನ ಹಿಡಿತದವರೆಗಿನ ಎತ್ತರವನ್ನೂ ಮುಂಚಾಚನ್ನೂ ಅಳೆದುಕೊಂಡೆ. ಸ್ಯಾಡಲ್ ಎತ್ತರಕ್ಕೆ ಅಮೆರಿಕದ ಸೈಕಲ್ ಸ್ಪರ್ಧಿ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ, ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸುವ ಕ್ರಮದಿಂದ ಆರಂಭಿಸಿ, ಅಲ್ಲಿಂದ ಕೆಲವು ಮಿ.ಮೀ. ಇಳಿಸಿದೆ. ಅಳತೆಯಿಂದ ಸ್ಟೆಮ್, ಸ್ಪೇಸರ್, ಹೆಡ್‌ಸೆಟ್ಟುಗಳ ಪಾಲನ್ನು ಕಳೆದರೆ ನನಗೆ ಬೇಕಾದ ಫ್ರೇಮ್ ಉಳಿಯುತ್ತದೆ. ನನಗೆ ಬಂದದ್ದು ಸ್ಟ್ಯಾಕ್ ಸುಮಾರು 565, ರೀಚ್ 378. ಈ ಎರಡು ಅಂಕಿಗಳು ಕೈಗೆ ಸಿಕ್ಕೊಡನೆ ಬಹಳ ದಿನ ಆಸೆಯಿಂದ ನೋಡಿದ್ದ ಬೈಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋದವು. ಸ್ಟೆಮ್ಮಿನ ಕೋನವನ್ನು ಈ ಲೆಕ್ಕದಲ್ಲಿ ಸೇರಿಸಲು ನಾನೊಂದು ಚಿಕ್ಕ ಕೋಷ್ಟಕ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಕೊಡುವುದಿಲ್ಲ. ಒಂದು ಸಂಜೆ ಕುಳಿತರೆ ತ್ರಿಕೋನಮಿತಿ ಬಲ್ಲ ಯಾರಾದರೂ ತಮ್ಮದನ್ನು ಮಾಡಿಕೊಳ್ಳಬಹುದು.

ಎರಡನೆಯದಾಗಿ ಫ್ರೇಮಿನಲ್ಲಿ ಬಿಡಿಭಾಗಗಳು ಕೂರುವ ಅಳತೆ, ಮಾದರಿಗಳನ್ನು ನೋಡಿದೆ. ಬಾಟಮ್ ಬ್ರಾಕೆಟ್ ಥ್ರೆಡ್ ಇರುವ ಬಿಎಸ್ಎ ಮಾದರಿಯದ್ದೇ ಆಗಿರಬೇಕು, ಏಕೆಂದರೆ ಒತ್ತಿ ಕೂರಿಸುವ ಪ್ರೆಸ್‌ಫಿಟ್‌ನಲ್ಲಿ ಶೆಲ್ಲಿನ ಅಳತೆ ಕೂದಲಷ್ಟು ತಪ್ಪಿದರೂ ಕಿರುಗುಟ್ಟುವಿಕೆ ಬೆನ್ನು ಬಿಡುವುದಿಲ್ಲ, ಅದನ್ನು ಬಿಚ್ಚಿ ಕೂರಿಸಲು ಬೇರೆ ಸಲಕರಣೆಯೂ ಬೇಕು. ಸೀಟ್‌ಪೋಸ್ಟ್ ದುಂಡಗಿನ 27.2 ಮಿ.ಮೀ., ಸ್ಟೆಮ್ ಮತ್ತು ಬಾರ್ ಬೇರೆಬೇರೆ, ಆ್ಯಕ್ಸಲ್‌ಗಳು 12 ಮಿ.ಮೀ.ಯ ಥ್ರೂ ಆ್ಯಕ್ಸಲ್ (ಫ್ರೇಮಿನ ತೂತುಗಳಲ್ಲಿ ತೂರಿ ಬಿಗಿಯುವ ಅಚ್ಚು), ಟೈರಿಗೆ ಕನಿಷ್ಠ 32 ಮಿ.ಮೀ. ಜಾಗ. ಬಾರ್ ಮತ್ತು ಸ್ಟೆಮ್ ಒಂದೇ ತುಂಡಾಗಿ, ಬ್ರೇಕಿನ ಹೋಸ್‌ಗಳು ಒಳಗೇ ಹಾದು ಬರುವ ಬೈಕುಗಳು ನೋಡಲು ಬಹಳ ಅಂದ. ಆದರೆ ಅಂಥದ್ದರಲ್ಲಿ ಸ್ಟೆಮ್ಮನ್ನು 10 ಮಿ.ಮೀ. ಚಿಕ್ಕದು ಮಾಡಬೇಕೆಂದರೆ ಇಡೀ ತುಂಡನ್ನೇ ಕೊಳ್ಳಬೇಕು, ಹೋಸ್ ಬಿಚ್ಚಿ ಬ್ಲೀಡ್ ಮಾಡಬೇಕು, ಅಂದರೆ ಬ್ರೇಕಿನ ಎಣ್ಣೆಯೊಳಗಿನ ಗಾಳಿ ತೆಗೆಯಬೇಕು. ನಾನು 100 ಮಿ.ಮೀ. ಸ್ಟೆಮ್ಮಿನಿಂದ 90ಕ್ಕೆ ಬಂದಾಗ ಆದ ಖರ್ಚು ಒಂದೂವರೆ ಪಾಲನ್ನೂ ಮುಟ್ಟಲಿಲ್ಲ.

ಗ್ರೂಪ್‌ಸೆಟ್ಟಿನ ವಿಷಯದಲ್ಲಿ ನನ್ನೊಡನೆ ಅತಿ ಹೆಚ್ಚು ವಾದ ನಡೆದದ್ದು. ಶಿಮಾನೊ ಕಂಪನಿಯ ಮಧ್ಯಮ ದರ್ಜೆಯ ಗ್ರೂಪ್‌ಸೆಟ್ಟಾದ 105ಕ್ಕಿಂತ ಕೆಳಗೆ ಇಳಿಯಬಾರದೆಂಬ ಮಾತು ನಮ್ಮವರಲ್ಲಿ ವೇದವಾಕ್ಯದಂತೆ ನಡೆದು ಬಂದಿದೆ. 2018ರಲ್ಲಿ ಬಂದ 11 ಸ್ಪೀಡಿನ ಆರ್7000ರ ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು. 2022ರಲ್ಲಿ 105 ಎಲೆಕ್ಟ್ರಾನಿಕ್ ಆಗಿ ಬಂದು, 12 ಸ್ಪೀಡಿನ ಕೇಬಲ್ ಆವೃತ್ತಿ 2023ರಲ್ಲಿ ಹಿಂಬಾಲಿಸಿದ ಮೇಲೆ, ಅದಿರುವ ಬೈಕುಗಳು ನನ್ನ 78ರ ಮಿತಿಯನ್ನು ದಾಟಿಹೋದವು; ಮಿತಿಯೊಳಗೆ ಉಳಿದವುಗಳಲ್ಲಿ ಕ್ರ್ಯಾಂಕ್, ಚೈನ್, ಕ್ಯಾಲಿಪರ್‌ಗಳು ಬೇರೆ ಕಂಪನಿಯ ಅಗ್ಗದವಾಗಿದ್ದವು. ಹೆಸರಿಗೆ 105 ಎನಿಸಿಕೊಂಡ ಅಂಥ ಬೈಕಿಗಿಂತ, ಲಿವರಿನಿಂದ ಕ್ಯಾಲಿಪರಿನವರೆಗೆ ಪೂರ್ತಿ ಶಿಮಾನೊದ್ದೇ ಒಂದು ದರ್ಜೆ ಕೆಳಗಿನ, 10 ಸ್ಪೀಡಿನ ಟಿಯಾಗ್ರಾ 4700 ಇರುವ, ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಬೈಕ್ ಮೇಲೆಂದು ನಾನು ತೀರ್ಮಾನಿಸಿದೆ. ಕೇಬಲ್ ಎಳೆತದಲ್ಲಿ 4700 ಅದೇ ಕಾಲದ 11 ಸ್ಪೀಡಿನ ಗುಂಪಿಗೆ ಸೇರಿದ್ದು, ಆದ್ದರಿಂದ ಹಳೆಯ 10 ಸ್ಪೀಡಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) ಇದಕ್ಕೆ ಹೊಂದುವುದಿಲ್ಲ ಎಂಬುದನ್ನು ಬಳಸಿದ ಬಿಡಿಭಾಗ ಹುಡುಕುವವರು ಮರೆಯಬಾರದು. ಹಲ್ಲುಗಳ ಲೆಕ್ಕದಲ್ಲಿ ಮುಂದೆ 50/34, ಹಿಂದಿನ ಕ್ಯಾಸೆಟ್ 11-34. ಅತಿ ಕೆಳಗಿನ ಗೇರಿನಲ್ಲಿ ನಿಮಿಷಕ್ಕೆ 70 ಸುತ್ತು ತುಳಿದರೆ 28 ಮಿ.ಮೀ. ಟೈರಿನಲ್ಲಿ ಗಂಟೆಗೆ 9 ಕಿ.ಮೀ. ವೇಗ ಬರುತ್ತದೆ, 11-28 ಕ್ಯಾಸೆಟ್ ಇದ್ದಿದ್ದರೆ ಅದೇ ತುಳಿತಕ್ಕೆ ಸುಮಾರು 11 ಕಿ.ಮೀ. ವೇಗವನ್ನು ಉಳಿಸಿಕೊಳ್ಳಬೇಕಿತ್ತು. ಕಡಿದಾದ ಏರಿನಲ್ಲಿ ಮೊಣಕಾಲಿಗೆ ಈ 2 ಕಿ.ಮೀ. ಎಷ್ಟು ದೊಡ್ಡದೆಂದು ಏರು ಹತ್ತಿದವರಿಗೆ ವಿವರಿಸಬೇಕಿಲ್ಲ.

ಹೊಸ ವರ್ಷದ ಬಣ್ಣ ಬಂದ ಮೇಲೆ ಉಳಿದ ದಾಸ್ತಾನಿನಲ್ಲಿ ನನ್ನ ಬೈಕ್ ಸಿಕ್ಕಿತು: ಕಾರ್ಬನ್ ಫೋರ್ಕ್ ಇರುವ ಅಲ್ಯೂಮಿನಿಯಂ ಫ್ರೇಮ್, ಪೆಡಲ್ ಬಿಟ್ಟು ತೂಕ 9.8 ಕಿಲೋ ಇದ್ದಿರಬೇಕು. ನಡುವಿನ ಅಳತೆಗಳು ಮೊದಲೇ ಖಾಲಿಯಾಗುವುದರಿಂದ ಕಾಯಬೇಕಾಯಿತು. ಯಾವ ಸಮಯದಲ್ಲಿ, ಯಾವ ಕ್ರಮದಲ್ಲಿ ಬೆಲೆ ಕೇಳಿ 78ಕ್ಕೆ ಇಳಿಸಿದೆನೆಂಬುದು ನನ್ನಲ್ಲೇ ಇರಲಿ, ಮುಂದಿನ ಸಲಕ್ಕೂ ಅದು ಬೇಕು.

ಮೊದಲ ಕೆಲಸವಾಗಿ ಬೈಕಿನ ಜೊತೆ ಬಂದ ತಂತಿ ಅಂಚಿನ ಟೈರುಗಳನ್ನು ತೆಗೆದು, ಮಡಚುವ ಅಂಚಿನ 28 ಮಿ.ಮೀ. ಟೈರುಗಳನ್ನೂ ಟಿಪಿಯು ಎಂಬ ಹಗುರ ಪ್ಲಾಸ್ಟಿಕ್ಕಿನ ಟ್ಯೂಬುಗಳನ್ನೂ ಹಾಕಿದೆ. ಒಟ್ಟು 370 ಗ್ರಾಮಿನಷ್ಟು ತೂಕ ಇಳಿಯಿತು, ಆದರೆ ನಿಜವಾದ ಲಾಭ ಉರುಳಾಟದಲ್ಲಿ. ಅದನ್ನು ಅಳೆಯಲು ಗಾಳಿಯಿಲ್ಲದ ಬೆಳಗಿನ ಜಾವಗಳಲ್ಲಿ ಒಂದೇ ಇಳಿಜಾರಿನ ಒಂದೇ ಗುರುತಿನಿಂದ, ಒಂದೇ ಉಡುಪಿನಲ್ಲಿ, ತುಳಿಯದೆ ಬೈಕನ್ನು ಬಿಟ್ಟು ಅದು ಎಲ್ಲಿ ನಿಲ್ಲುತ್ತದೆಂದು ಗುರುತು ಮಾಡುತ್ತಾ ಹೋದೆ. ಹೊಸ ಟೈರುಗಳು ಹಳೆಯವನ್ನು ಪ್ರತಿ ಸಲವೂ ಸ್ಪಷ್ಟ ಅಂತರದಿಂದ ಹಿಂದಿಕ್ಕಿದವು. ಅದೇ ಪರೀಕ್ಷೆಯಲ್ಲಿ ಒತ್ತಡವನ್ನೂ ಬದಲಾಯಿಸಿ ನೋಡಿದೆ. 70 ಕಿಲೋ ಆಸುಪಾಸಿನ ನನ್ನ ತೂಕಕ್ಕೆ ಒರಟು ರಸ್ತೆಯಲ್ಲಿ 100 ಪಿಎಸ್ಐಗಿಂತ 70 ಪಿಎಸ್ಐ ದೂರ ಒಯ್ದಿತು, ನುಣುಪಾದ ರಸ್ತೆಯಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ಗಾಳಿಯ ಸಣ್ಣ ಸುಳಿವೂ ಫಲಿತಾಂಶವನ್ನು ಕೆಡಿಸುತ್ತದೆ, ಹಾಗಾಗಿ ಈ ಪರೀಕ್ಷೆಗೆ ತಾಳ್ಮೆ ಬೇಕು.

ಹಗುರವಾದ ಕಾರ್ಬನ್ನೇ ಮೇಲೆಂಬ ತೂಕದ ವಾದಕ್ಕೆ ನನ್ನ ಉತ್ತರ ಅಂಕಿಗಳಲ್ಲೇ ಇದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದ ರೇಸ್ ಬೈಕುಗಳಿಗೆ ವಿಧಿಸಿರುವ ಕನಿಷ್ಠ ತೂಕ 6.8 ಕಿಲೋ, ಆ ಅಂಕಿಯನ್ನು ಬೆನ್ನಟ್ಟುವವರಿಗೆ ಮಧ್ಯಮ ಬೆಲೆಯಲ್ಲಿ ಏನೂ ಸಿಗುವುದಿಲ್ಲ. ಇದೇ ಹಣದ ಹೊಸ ಕಾರ್ಬನ್ ಬೈಕ್ ನನ್ನದಕ್ಕಿಂತ ಹೆಚ್ಚೆಂದರೆ ಒಂದು ಕಿಲೋ ಹಗುರ. ಸವಾರ, ಬೈಕ್, ನೀರು ಸೇರಿ 80 ಕಿಲೋ ಇದ್ದರೆ, ಒಂದು ಗಂಟೆಯ ಕಡಿದಾದ ಏರಿನಲ್ಲಿ ಆ ಒಂದು ಕಿಲೋದ ಬೆಲೆ ಸುಮಾರು 40 ಸೆಕೆಂಡು. ಸಮತಟ್ಟಿನಲ್ಲಿ ಗಾಳಿಯ ತಡೆಯ ಬಹುಪಾಲು ಸವಾರನ ದೇಹದ್ದೇ ಆಗಿರುವುದರಿಂದ, ಬಾರಿನ ಕೆಳಹಿಡಿತದಲ್ಲಿ ನೋವಿಲ್ಲದೆ ಅರ್ಧ ಗಂಟೆ ಬಾಗಿರಲು ಬಿಡುವ ಫ್ರೇಮ್ ಆ 40 ಸೆಕೆಂಡನ್ನು ಹಲವು ಪಟ್ಟು ಮಾಡಿ ಹಿಂದಿರುಗಿಸುತ್ತದೆ. ನಮ್ಮ ಗುಂಪಿನ ದೂರದ ಸವಾರಿಗಳಲ್ಲಿ ಕೊನೆಯ ಗಂಟೆ ಮುಂದೆ ನಿಂತು ಎಳೆಯುವವರಲ್ಲಿ ನಾನೂ ಒಬ್ಬ ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಡೆಸುವ ಖರ್ಚಿನಲ್ಲೂ 10 ಸ್ಪೀಡ್ ನನ್ನ ಪಕ್ಷದಲ್ಲಿದೆ. ಚೈನನ್ನು ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ ಬಳಸುತ್ತಿದ್ದೇನೆ, ಒಂದು ಅದ್ದುವಿಕೆ 300 ಕಿ.ಮೀ.ಯಷ್ಟು ಬರುತ್ತದೆ, ಚೈನಿನ ಸವೆತದ ಅಳತೆಗೋಲು ಶೇಕಡಾ 0.75 ತೋರಿಸುವ ಮೊದಲೇ ಚೈನ್ ಬದಲಾಯಿಸುವುದರಿಂದ ಮೊದಲ ಕ್ಯಾಸೆಟ್ಟೇ ಇನ್ನೂ ಓಡುತ್ತಿದೆ. ಬ್ರೇಕ್ ಪ್ಯಾಡ್, ಕೇಬಲ್, ಚೈನುಗಳೆಲ್ಲ ಸೇರಿ ವರ್ಷಕ್ಕೆ 100ರಲ್ಲಿ 4 ಪಾಲು ದಾಟಿಲ್ಲ. ಈಗ ಉಳಿದಿರುವ ದುರ್ಬಲ ಅಂಗ ಚಕ್ರಗಳು, ಅವು ಎರಡು ಕಿಲೋ ತೂಗುತ್ತವೆ. ಮೀಸಲಿನ 2 ಪಾಲಿಗೆ ಪ್ರತಿ ತಿಂಗಳು ಸ್ವಲ್ಪ ಸೇರಿಸುತ್ತಿದ್ದೇನೆ. ಹೊಸ ಚಕ್ರಗಳ ಫ್ರೀಹಬ್ 11 ಸ್ಪೀಡಿನ ಉದ್ದದ್ದೇ ಆದರೂ ಹಿಂದೆ 1.85 ಮಿ.ಮೀ. ಸ್ಪೇಸರ್ ಇಟ್ಟರೆ ನನ್ನ 10 ಸ್ಪೀಡಿನ ಕ್ಯಾಸೆಟ್ ಅದರ ಮೇಲೆ ಕೂರುತ್ತದೆ, ಮುಂದೆ ಎಂದಾದರೂ 11ಕ್ಕೆ ಹೋದರೆ ಸ್ಪೇಸರ್ ತೆಗೆದರೆ ಸಾಕು.