ಗಂಡಸರ ಮುಖಕ್ಕೆ ಲೇಸರ್: ಮಷೀನ್ ಯಾವುದು, ಗೆರೆ ಎಲ್ಲಿ?

ಶೇವ್ ಮಾಡಿದ ಮಾರನೇ ದಿನವೇ ನನ್ನ ಕತ್ತಿನ ಮೇಲೆ ಗುಳ್ಳೆ ಏಳುತ್ತಿತ್ತು. ಗುಂಗುರು ಕೂದಲು ತಿರುಗಿ ಚರ್ಮಕ್ಕೇ ಚುಚ್ಚಿಕೊಂಡು ಕಪ್ಪು ಕಲೆ ಬಿಟ್ಟು ಹೋಗುತ್ತಿತ್ತು. ಅದಕ್ಕೇ ಕತ್ತಿನ ಕೂದಲು ತೆಗೆಸಲು ಲೇಸರ್ ಮಾಡಿಸಿದೆ. ಗಡ್ಡ ಹಾಗೇ ಇಟ್ಟುಕೊಂಡಿದ್ದೇನೆ.

ಎಲ್ಲರೂ ಮೊದಲು ದುಡ್ಡೆಷ್ಟು ಅಂತ ಕೇಳುತ್ತಾರೆ. ನೀವು ಮಷೀನ್ ಯಾವುದು ಅಂತ ಕೇಳಿ. ಲೇಸರ್ ಬೆಳಕನ್ನು ಹೀರಿಕೊಳ್ಳುವುದು ಕೂದಲಿನ ಮೆಲನಿನ್, ಅಂದರೆ ಬಣ್ಣ ಕೊಡುವ ವಸ್ತು. ಆ ಬಿಸಿಗೆ ಕೂದಲಿನ ಬುಡ ಹಾಳಾಗುತ್ತದೆ. ಆದರೆ ಕಂದು ಚರ್ಮದಲ್ಲೂ ಮೆಲನಿನ್ ಜಾಸ್ತಿ ಇರುತ್ತದೆ, ಅಲ್ವಾ? ಬೆಳಕು ಮೇಲೇ ಸಿಕ್ಕಿಕೊಂಡರೆ ಚರ್ಮ ಸುಡುತ್ತದೆ, ಕಲೆ ಉಳಿಯುತ್ತದೆ. ಲೇಸರ್‌ಗಳಲ್ಲಿ ಬೆಳಕಿನ ತರಂಗದ ಉದ್ದ ಬೇರೆ ಬೇರೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬೆಳ್ಳನೆಯ ಚರ್ಮಕ್ಕೆ ಸರಿ. 810ರ ಆಸುಪಾಸಿನ ಡಯೋಡ್ ನಡುವಿನದು. 1064ರ ಎನ್‌ಡಿ ಯಾಗ್ ಆಳಕ್ಕೆ ಇಳಿಯುತ್ತದೆ, ಮೇಲಿನ ಚರ್ಮವನ್ನು ಕಡಿಮೆ ಬಿಸಿ ಮಾಡುತ್ತದೆ. ಕಪ್ಪು, ಕಂದು ಬಣ್ಣದವರಿಗೆ ಇದೇ ಹೆಚ್ಚು ಸುರಕ್ಷಿತ. ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಅನ್ನುವುದು ಹಲವು ತರಂಗಗಳ ಬೆಳಕನ್ನು ಒಟ್ಟಿಗೆ ಹಾಯಿಸುವ ಮಷೀನ್, ಲೇಸರ್ ಅಲ್ಲವೇ ಅಲ್ಲ. ಮಷೀನ್ ಯಾವುದು ಅನ್ನುವುದಕ್ಕೂ ಉತ್ತರ ಕೊಡದವರ ಹತ್ತಿರ ಮುಖ ಒಡ್ಡಬೇಡಿ. ಚರ್ಮದ ವೈದ್ಯರು ಅಲ್ಲೇ ಇರುತ್ತಾರಾ, ಮಷೀನ್ ಹಿಡಿಯುವವರು ಯಾರು ಅಂತಲೂ ಕೇಳಿ. ದವಡೆಯ ಕೆಳಗೆ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ. ಕಂದು ಚರ್ಮದಲ್ಲಿ ಕಲೆ ತಡವಾಗಿ ಕಾಣಬಹುದು, ಹಾಗಾಗಿ ಒಂದೆರಡು ವಾರ ಕಾಯುವುದು ಒಳ್ಳೆಯದು.

ಇನ್ನು ಗೆರೆಯ ವಿಷಯ, ಅಂದರೆ ಗಡ್ಡ ಎಲ್ಲಿಗೆ ನಿಲ್ಲಬೇಕು ಅನ್ನುವುದು. ಇದಕ್ಕೆ ಯಾರೂ ಸಾಕಷ್ಟು ಯೋಚನೆ ಮಾಡುವುದಿಲ್ಲ. ಲೇಸರಿನಿಂದ ಪ್ರತಿ ಕೂದಲೂ ಶಾಶ್ವತವಾಗಿ ಹೋಗುವುದಿಲ್ಲ. ಆದರೆ ಹೋದದ್ದು ಬೇಕೆಂದಾಗ ವಾಪಸ್ ಬರುವುದೂ ಇಲ್ಲ. ಗಡ್ಡವನ್ನು ಕೆಲವು ದಿನ ಬಿಟ್ಟು, ಕನ್ನಡಿ ಮುಂದೆ ಬಿಳಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಫೋಟೋ ತೆಗೆದು ನೋಡಿ. ಕತ್ತಿನ ಗೆರೆಯನ್ನು ಬೇಕಾದ್ದಕ್ಕಿಂತ ಒಂದು ಬೆರಳು ಕೆಳಗೇ ಇಡಿ, ಕೆನ್ನೆಯದನ್ನು ಸ್ವಲ್ಪ ಮೇಲೇ ಇಡಿ. ಮುಂದೆ ಬೇಕಿದ್ದರೆ ಇನ್ನಷ್ಟು ತೆಗೆಸಬಹುದು. ಇಪ್ಪತ್ತರ ಹುಡುಗರು ಕಾಯಬೇಕು ಅಂತ ನಾನು ಖಂಡಿತ ಹೇಳುತ್ತೇನೆ. ಆ ವಯಸ್ಸಿನಲ್ಲಿ ಗಡ್ಡ ಇನ್ನೂ ತುಂಬಿಕೊಳ್ಳುತ್ತಿರುತ್ತದೆ.

ಕೆನ್ನೆಯ ಮೇಲಿನ ನವಿರು ಕೂದಲನ್ನು ಮುಟ್ಟಿಸಬೇಡಿ. ಅದಕ್ಕೆ ಲೇಸರ್ ಸರಿಯಾಗಿ ಹಿಡಿಯುವುದಿಲ್ಲ, ಕೆಲವರಿಗೆ ಅಲ್ಲೇ ಕೂದಲು ಇನ್ನೂ ದಟ್ಟವಾಗುವುದುಂಟು. ಬಿಳಿ ಕೂದಲಿಗಂತೂ ಲೇಸರ್ ದಂಡ. ಅದಕ್ಕೆ ಎಲೆಕ್ಟ್ರಾಲಿಸಿಸ್ ಬೇಕು, ಅಂದರೆ ಒಂದೊಂದೇ ಕೂದಲಿನ ಬುಡಕ್ಕೆ ಸಣ್ಣ ಸೂಜಿಯಿಂದ ಕರೆಂಟ್ ಹಾಯಿಸುವುದು.

ತಯಾರಿ ನಾಲ್ಕು ವಾರ ಮೊದಲೇ ಶುರುವಾಗುತ್ತದೆ. ಕೀಳುವುದು, ವ್ಯಾಕ್ಸಿಂಗ್, ಥ್ರೆಡ್ಡಿಂಗ್ ಎಲ್ಲ ನಿಲ್ಲಿಸಿ. ಬುಡವೇ ಇಲ್ಲದಿದ್ದರೆ ಲೇಸರ್ ಸುಡುವುದಾದರೂ ಏನನ್ನು? ಶೇವ್ ಮಾಡಬಹುದು. ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ಬಿಸಿಲಿಗೆ ಮುಖ ಕಪ್ಪಾಗಿದ್ದರೆ ದಿನಾಂಕ ಮುಂದೆ ಹಾಕಿಸಿ. ರೆಟಿನಾಲ್ ಕ್ರೀಮನ್ನು ಯಾವಾಗ ನಿಲ್ಲಿಸಬೇಕು ಅಂತ ವೈದ್ಯರನ್ನು ಕೇಳಿ. ಮೊಡವೆಗೆ ಐಸೊಟ್ರೆಟಿನಾಯಿನ್ ಅಥವಾ ಡಾಕ್ಸಿಸೈಕ್ಲಿನ್ ತಗೊಳ್ಳುತ್ತಿದ್ದರೆ, ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಆಗಿದ್ದರೆ, ಗಾಯ ಉಬ್ಬಿ ಗಂಟಾಗುವ ಚರ್ಮವಿದ್ದರೆ ಮುಚ್ಚಿಡದೆ ಹೇಳಿ. ಹಿಂದಿನ ದಿನ ಹೊಸ ಬ್ಲೇಡಿನಲ್ಲಿ ಶೇವ್ ಮಾಡಿ. ಆ ದಿನ ಕ್ರೀಮ್, ಸೆಂಟು ಏನೂ ಬೇಡ. ಕಣ್ಣಿಗೆ ರಕ್ಷಣೆ ಹಾಕದೆ ಶುರು ಮಾಡಲು ಬಿಡಬೇಡಿ. ಹುಬ್ಬಿನ ಕೆಳಗೆ, ಕಣ್ಣಿನ ಗುಳಿಯ ಮೇಲೆ ಲೇಸರ್ ಬೇಡವೇ ಬೇಡ.

ನೋವು ಮೇಲ್ದುಟಿಯಲ್ಲಿ ಜಾಸ್ತಿ. ಮರಗಟ್ಟಿಸುವ ಕ್ರೀಮನ್ನು ವೈದ್ಯರು ಹೇಳಿದಷ್ಟೇ ಹಚ್ಚಿ. ಸಾಮಾನ್ಯವಾಗಿ 4ರಿಂದ 6 ವಾರಕ್ಕೊಮ್ಮೆ ಹೋಗಬೇಕು. ಗಂಡಸರ ಗಡ್ಡದ ಕೂದಲು ದಪ್ಪ, ಹಾರ್ಮೋನು ಅದನ್ನು ಬೆಳೆಸುತ್ತಲೇ ಇರುತ್ತದೆ. ಹಾಗಾಗಿ 6–8 ಸಲಕ್ಕಿಂತ ಹೆಚ್ಚು ಬೇಕಾಗಬಹುದು, ಆಮೇಲೂ ಆಗಾಗ ಹೋಗಬೇಕಾಗಬಹುದು.

ಮುಗಿದ ಮೇಲೆ ಒಂದೆರಡು ದಿನ ಕೆಂಪಾಗುವುದು, ಸಣ್ಣಗೆ ಊದುವುದು ಸಹಜ. ಬೊಬ್ಬೆ ಎದ್ದರೆ ಅಥವಾ ಉರಿ ಹೆಚ್ಚುತ್ತಾ ಹೋದರೆ ತಕ್ಷಣ ವೈದ್ಯರಿಗೆ ತೋರಿಸಿ. ಮುಂದಿನ ಎರಡು ಮೂರು ವಾರ ಕೂದಲು ಮತ್ತೆ ಬೆಳೆಯುತ್ತಿರುವಂತೆ ಕಾಣುತ್ತದೆ. ಅದು ಸತ್ತ ಕೂದಲು ಹೊರಗೆ ಬರುತ್ತಿರುವುದು. ಕೀಳಬೇಡಿ, ತಾನಾಗೇ ಉದುರುತ್ತದೆ.