ಗ್ರಿಡ್‌ಗೆ ಕೂರದ ತಮಟೆ ಲೂಪ್: ನನ್ನ ಅನುಭವ

ಬಸವನಗುಡಿಯ ಮನೆಯಲ್ಲಿ, ರೀಪರ್ ಎಂಬ ಧ್ವನಿ ಸಂಪಾದನಾ ತಂತ್ರಾಂಶದ 96 ಬಿಪಿಎಂ (ನಿಮಿಷಕ್ಕೆ 96 ಬೀಟ್) ಪ್ರಾಜೆಕ್ಟ್‌ಗೆ ಎಂಟು ಬಾರ್‌ಗಳ (ಬಾರ್ ಎಂದರೆ ಇಲ್ಲಿ ನಾಲ್ಕು ಬೀಟ್‌ಗಳ ಗುಂಪು) ತಮಟೆಯ ಎಂಪಿ3 ಲೂಪ್ (ಮತ್ತೆ ಮತ್ತೆ ನುಡಿಸುವ ತುಣುಕು) ಜೋಡಿಸಿದಾಗ, ಪ್ರತಿ ಆವರ್ತದಲ್ಲೂ ಪೆಟ್ಟು ಗ್ರಿಡ್‌ನಿಂದ (ತೆರೆಯ ಮೇಲಿನ ತಾಳದ ಗೆರೆಗಳಿಂದ) ಇನ್ನಷ್ಟು ಹಿಂದೆ ಬೀಳುತ್ತಿತ್ತು. ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಂಡು) ಗಾತ್ರ ಬದಲಿಸಿದ್ದರಿಂದ ಪ್ರಯೋಜನವಾಗಲಿಲ್ಲ. ವೇವ್ ಕಡತಕ್ಕೆ ಪರಿವರ್ತಿಸಿದರೂ ಎಂಪಿ3 ಕಡತ ರಚಿಸುವ ಎನ್‌ಕೋಡರ್ ಆರಂಭದಲ್ಲಿ ಸೇರಿಸಿದ್ದ ಕಿರು ಮೌನ ಹಾಗೆಯೇ ಉಳಿದಿತ್ತು.

ಸರಿಹೋದದ್ದು ಈ ಕ್ರಮದಲ್ಲಿ: ಸ್ನ್ಯಾಪ್ (ತುಣುಕನ್ನು ಗ್ರಿಡ್‌ಗೆ ತಾನಾಗಿ ಅಂಟಿಸುವ ಸೌಲಭ್ಯ) ನಿಲ್ಲಿಸಿ, ಧ್ವನಿಯ ಅಲೆಚಿತ್ರವನ್ನು ಹಿಗ್ಗಿಸಿ ನೋಡಿ, ಮೊದಲ ಪೆಟ್ಟಿನ ಬುಡದಿಂದ ಐದನೆಯ ಬಾರ್‌ನ ಮೊದಲ ಪೆಟ್ಟಿನ ಬುಡದವರೆಗೆ ಕತ್ತರಿಸಿದೆ (ಕಿವಿಗಿಂತ ಇಲ್ಲಿ ಕಣ್ಣೇ ನಂಬಿಕಸ್ಥ). ತುಣುಕನ್ನು ಬಾರ್ ಗೆರೆಗೆ ತಂದು, ಎಫ್2 ಒತ್ತಿ ತುಣುಕಿನ ಗುಣಲಕ್ಷಣಗಳ ಕಿಟಕಿ ತೆರೆದು, ವೇಗ ಬದಲಾದರೂ ಪಿಚ್ (ಶ್ರುತಿ) ಉಳಿಸುವ ಆಯ್ಕೆಗೆ ಗುರುತು ಹಾಕಿದೆ. 96 ಬಿಪಿಎಂನಲ್ಲಿ ಈ ನಾಲ್ಕು ಬಾರ್‌ಗಳ ಹದಿನಾರು ಬೀಟ್‌ಗಳೆಂದರೆ ಸರಿಯಾಗಿ 10 ಸೆಕೆಂಡು. ಆದ್ದರಿಂದ ಆಲ್ಟ್ ಕೀಲಿ ಹಿಡಿದು ಬಲ ಅಂಚನ್ನು ಅಷ್ಟೇ ಉದ್ದಕ್ಕೆ ಎಳೆದು, ಗ್ಲೂ ಮಾಡಿದ (ಬದಲಾದ ತುಣುಕನ್ನು ಹೊಸ ಕಡತವಾಗಿಸಿದ) ಬಳಿಕವೇ ನಕಲುಗಳನ್ನು ಜೋಡಿಸಿದೆ.